ಕೊಡೆ ಹಿಡಿದ ಕೈ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಸುತ್ತಮುತ್ತ ಊರಹಬ್ಬ, ಜಾತ್ರೆಗಳ ಕಾಲದಲ್ಲಿ ಸಂಚರಿಸಿದವರು ಒಂದು ನೋಟವನ್ನು ಕಂಡೇ ಇರುತ್ತಾರೆ. ತಮಟೆ, ನಗಾರಿಗಳ ಸದ್ದಿನ ನಡುವೆ ದೇವರ ಉತ್ಸವಮೂರ್ತಿ ಹೊರಡುತ್ತದೆ. ಅದರ ಹಿಂದೆ ಒಬ್ಬರು ಆಳೆತ್ತರಕ್ಕೂ ಮೀರಿದ ಮರದ ಕೋಲಿನ ತುದಿಯಲ್ಲಿ ಬಣ್ಣದ ಬಟ್ಟೆಯ ದೊಡ್ಡ ಕೊಡೆಯನ್ನು ಎತ್ತಿ ಹಿಡಿದಿರುತ್ತಾರೆ. ಅದೇ ಸತ್ತಿಗೆ. ಇನ್ನೊಬ್ಬರ ಕೈಯಲ್ಲಿ ಕೋಲಿಗೆ ಕಟ್ಟಿದ ಚಪ್ಪಟೆಯಾದ, ಬಟ್ಟೆ ಹೊದಿಸಿದ ಬಿಸಿಲುಮರೆ ಇರುತ್ತದೆ. ಅದು ಸೂರಿಪಾನಿ. ಹಳೆಯ ಮೈಸೂರಿನ ಕಡೆಯ ಜನ ಈ ಎರಡನ್ನೂ ಜೋಡಿಸಿ 'ಸತ್ತಿಗೆ ಸೂರಿಪಾನಿ' ಎಂದು ಒಂದೇ ಉಸಿರಿನಲ್ಲಿ ಹೇಳುವುದುಂಟು.

ಅಲ್ಲಿಂದ ಮೈಸೂರಿಗೆ ಬನ್ನಿ. ಹೋಟೆಲುಗಳ ತೋಟದಲ್ಲಿ, ಹುಲ್ಲುಹಾಸಿನ ಮೇಲೆ, ಮೇಜಿನ ನಡುವಿನಿಂದ ಎದ್ದು ನಿಂತ ಮರದ ಕಂಬದ ದೊಡ್ಡ ಕೊಡೆಗಳು ಕಾಣುತ್ತವೆ. ಅವುಗಳ ನೆರಳಿನಲ್ಲಿ ಕುಳಿತು ಜನ ಕಾಫಿ ಕುಡಿಯುತ್ತಾರೆ. ದೇವರ ಸತ್ತಿಗೆಗೂ ತೋಟದ ಈ ಕೊಡೆಗೂ ರಚನೆಯಲ್ಲಿ ಹೆಚ್ಚಿನ ಅಂತರವಿಲ್ಲ. ಒಂದು ಕೋಲು, ಅದರ ನೆತ್ತಿಯಲ್ಲಿ ಒಂದು ಗುಬುಟು, ಗುಬುಟಿನಿಂದ ಹೊರಟ ಕಡ್ಡಿಗಳು, ಕಡ್ಡಿಗಳ ಮೇಲೆ ಬಿಗಿದ ಬಟ್ಟೆ, ಇಷ್ಟೇ ಎರಡರ ಅಂಗಗಳು. ಆದರೆ ಒಂದು ವ್ಯತ್ಯಾಸವಿದೆ. ತೋಟದ ಕೊಡೆಯನ್ನು ಯಾರೂ ಹಿಡಿದಿಲ್ಲ. ಅದು ತಾನೇ ನಿಂತಿದೆ. ಸತ್ತಿಗೆಯನ್ನು ಒಬ್ಬ ಮನುಷ್ಯ ಹಿಡಿದಿದ್ದಾನೆ, ಮತ್ತು ಹಿಡಿದವನು ನೆರಳಿನಲ್ಲಿಲ್ಲ.

ಈ ಲೇಖನದಲ್ಲಿ ನಾವು ಕೊಡೆಯ ಚರಿತ್ರೆಯನ್ನು ಈ ಒಂದು ಪ್ರಶ್ನೆಯ ಮೂಲಕ ನೋಡೋಣ: ಕೊಡೆಯನ್ನು ಹಿಡಿದ ಕೈ ಯಾರದು?

ಹೆಸರುಗಳು ಹೇಳುವ ಕಥೆ

'ಕೊಡೆ' ನಮ್ಮದೇ ದ್ರಾವಿಡ ಮಾತು. ತಮಿಳಿನಲ್ಲಿ 'ಕುಡೈ', ಮಲಯಾಳದಲ್ಲಿ 'ಕುಡ' ಎಂಬ ರೂಪಗಳಿವೆ. 'ಸತ್ತಿಗೆ' ಸಂಸ್ಕೃತದ 'ಛತ್ರ' ಶಬ್ದದ ತದ್ಭವ. ಛತ್ರ ಎಂದರೆ ಮುಚ್ಚುವಂಥದು, ಮರೆಮಾಡುವಂಥದು. ಇದಕ್ಕೆ 'ಆತಪತ್ರ' ಎಂಬ ಇನ್ನೊಂದು ಹೆಸರೂ ಇದೆ. ಆತಪ ಎಂದರೆ ಬಿಸಿಲು, ಅದರಿಂದ ಕಾಯುವುದು ಆತಪತ್ರ. ಇಂಗ್ಲಿಷಿನವರ 'ಅಂಬ್ರೆಲಾ' ಎಂಬ ಮಾತು ಕೂಡ ನೆರಳು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದದ್ದು. ಹೀಗೆ ಹೆಸರುಗಳನ್ನು ನೋಡಿದರೇ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೊಡೆಯನ್ನು ನಾವು ಇಂದು ಮಳೆಗಾಲದ ವಸ್ತುವೆಂದು ತಿಳಿದಿದ್ದರೂ ಅದು ಹುಟ್ಟಿದ್ದು ಬಿಸಿಲಿಗಾಗಿ.

ಊರಿನ 'ಛತ್ರ', ಅಂದರೆ ದಾರಿಹೋಕರು ತಂಗುವ ಮನೆ, ಬೇರೆ ಮೂಲದ ಮಾತು. ಅದು 'ಸತ್ರ'ದಿಂದ ಬಂದಿದೆ. ಆದರೆ ಜನರ ಬಾಯಲ್ಲಿ ಎರಡೂ ಒಂದೇ ರೂಪ ತಳೆದವು. ತಲೆಗೆ ನೆರಳು ಕೊಡುವುದೂ ಛತ್ರ, ಬಂದವರಿಗೆ ಆಸರೆ ಕೊಡುವುದೂ ಛತ್ರ.

ವಿದ್ಯಾರ್ಥಿಗಳಿಗೆ ಪ್ರಿಯವಾಗಬಹುದಾದ ಮತ್ತೊಂದು ಮಾತೂ ಇದೇ ಮನೆತನದ್ದು. ಸಂಸ್ಕೃತದಲ್ಲಿ ವಿದ್ಯಾರ್ಥಿಗೆ 'ಛಾತ್ರ' ಎನ್ನುತ್ತಾರೆ. ಪಾಣಿನಿ ಈ ಶಬ್ದವನ್ನು ಛತ್ರದಿಂದಲೇ ಸಾಧಿಸಿದ್ದಾನೆ. ಪತಂಜಲಿಯ ವ್ಯಾಖ್ಯಾನದ ಪ್ರಕಾರ ಗುರುವೇ ಕೊಡೆ. ಗುರು ಶಿಷ್ಯನನ್ನು ಕೊಡೆಯಂತೆ ಕಾಯಬೇಕು. ಶಿಷ್ಯನೂ ತನ್ನ ಕೊಡೆಯನ್ನು ಜೋಪಾನ ಮಾಡುವಂತೆ ಗುರುವನ್ನು ನೋಡಿಕೊಳ್ಳಬೇಕು. ಇಲ್ಲಿ ನೆರಳು ಕೊಡುವವನು, ಪಡೆಯುವವನು ಎಂಬ ಭೇದವೇ ಕರಗುತ್ತದೆ. ಆದರೆ ಚರಿತ್ರೆಯಲ್ಲಿ ಕೊಡೆ ನಡೆದ ದಾರಿ ಬಹುಮಟ್ಟಿಗೆ ಬೇರೆಯೇ ಆಗಿತ್ತು.

ಕಲ್ಲಿನಲ್ಲಿ ಅರಳಿದ ಕೊಡೆ

ಅಸ್ಸೀರಿಯದ ದೊರೆ ಅಶುರ್‌ಬನಿಪಾಲ ಕ್ರಿ.ಪೂ. 7ನೆಯ ಶತಮಾನದವನು. ಅವನ ಅರಮನೆಯ ಉಬ್ಬುಶಿಲ್ಪಗಳಲ್ಲಿ ರಥದ ಮೇಲಿನ ದೊರೆಗೆ ಸೇವಕರು ಕೊಡೆ ಹಿಡಿದಿದ್ದಾರೆ. ಪರ್ಷಿಯದ ಪರ್ಸೆಪೊಲಿಸ್ ಅರಮನೆಯ ಶಿಲ್ಪಗಳಲ್ಲಿಯೂ ಇದೇ ದೃಶ್ಯ. ಕೊಡೆಯ ಕೆಳಗಿರುವವನು ದೊರೆ, ಕೊಡೆ ಹಿಡಿದವನು ಆಳು.

ನಮ್ಮ ನಾಡಿನಲ್ಲಿ ಇದರ ಬಹಳ ಹಳೆಯ ಚಿತ್ರಗಳಲ್ಲಿ ಒಂದು ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲಿದೆ. ಸನ್ನತಿಯ ಬಳಿ, ಭೀಮಾ ನದಿಯ ದಂಡೆಯ ಮೇಲಿರುವ ಈ ಊರಿನಲ್ಲಿ 1990ರ ದಶಕದ ಉತ್ಖನನದಲ್ಲಿ ದೊಡ್ಡ ಬೌದ್ಧ ಸ್ತೂಪವೊಂದರ ಅವಶೇಷಗಳು ಬೆಳಕಿಗೆ ಬಂದವು. ಅಲ್ಲಿನ ಒಂದು ಶಿಲಾಫಲಕದ ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ' ಎಂಬ ಬರಹವಿದೆ. ಅಶೋಕ ಚಕ್ರವರ್ತಿಯ ಚಿತ್ರವೂ ಹೆಸರೂ ಒಟ್ಟಿಗೆ ಇರುವ ಶಿಲ್ಪವೆಂದು ಇದು ಜಗತ್ತಿನ ಗಮನ ಸೆಳೆಯಿತು. ದೊರೆಯ ಜೊತೆಯಲ್ಲಿ ಛತ್ರ, ಚಾಮರಗಳನ್ನು ಹಿಡಿದ ಪರಿಚಾರಿಕೆಯರಿದ್ದಾರೆ. ದೊರೆಯ ಹೆಸರು ಕಲ್ಲಿನಲ್ಲಿ ಉಳಿಯಿತು. ಕೊಡೆ ಹಿಡಿದವಳ ಹೆಸರು ಉಳಿಯಲಿಲ್ಲ.

ಬೌದ್ಧರು ಸ್ತೂಪದ ನೆತ್ತಿಯ ಮೇಲೆ ಕಲ್ಲಿನ ಛತ್ರಗಳನ್ನು ನಿಲ್ಲಿಸಿದರು. ಜೈನರು ತೀರ್ಥಂಕರರ ಮೂರ್ತಿಯ ಮೇಲೆ ಒಂದರ ಮೇಲೊಂದರಂತೆ ಮೂರು ಕೊಡೆಗಳನ್ನು ಕೆತ್ತಿದರು. ಇದಕ್ಕೆ ಕನ್ನಡದಲ್ಲಿ 'ಮುಕ್ಕೊಡೆ' ಎಂಬ ಸೊಗಸಾದ ಹೆಸರಿದೆ. ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದ ವೀರಗಲ್ಲುಗಳಲ್ಲಿಯೂ ಕೆಲವೆಡೆ ಕೊಡೆ, ಚಾಮರಗಳು ಕಾಣುತ್ತವೆ. ಬದುಕಿದ್ದಾಗ ಸಿಗದ ನೆರಳು ಸತ್ತ ಮೇಲೆ ಸಿಕ್ಕಿತು ಎನ್ನಬೇಕು.

ಹಳಗನ್ನಡ ಕಾವ್ಯಗಳಲ್ಲಿ 'ಬೆಳ್ಗೊಡೆ', ಅಂದರೆ ಬಿಳಿಯ ಕೊಡೆ, ಅರಸೊತ್ತಿಗೆಯ ಗುರುತು. ಬೆಳ್ಗೊಡೆಯ ಕೆಳಗಿರುವುದು ಎಂದರೆ ಆ ದೊರೆಯ ಆಳ್ವಿಕೆಗೆ ಒಳಪಟ್ಟಿರುವುದು ಎಂದೇ ಅರ್ಥ. ಜೈನಪುರಾಣಗಳ ಪ್ರಕಾರ ಚಕ್ರವರ್ತಿಯ ರತ್ನಗಳಲ್ಲಿ ಛತ್ರವೂ ಒಂದು. ಪಂಪ 941ರಲ್ಲಿ ರಚಿಸಿದ 'ಆದಿಪುರಾಣ'ದಲ್ಲಿ ಬರುವ ಭರತ ಅಂಥ ಚಕ್ರವರ್ತಿ. ಗೆದ್ದ ಮೇಲೂ ಎಲ್ಲವನ್ನೂ ಬಿಟ್ಟು ನಡೆದವನು ಅವನ ತಮ್ಮ ಬಾಹುಬಲಿ. ಶ್ರವಣಬೆಳಗೊಳದ ಗೊಮ್ಮಟನನ್ನು ಈ ದೃಷ್ಟಿಯಿಂದ ಒಮ್ಮೆ ನೋಡಿ. ತಲೆಯ ಮೇಲೆ ಮಾಡಿಲ್ಲ, ಮುಕ್ಕೊಡೆಯಿಲ್ಲ. ಸಾವಿರ ವರ್ಷಗಳಿಂದ ಬಿಸಿಲಿಗೂ ಮಳೆಗೂ ಮೈಯೊಡ್ಡಿ ನಿಂತಿದ್ದಾನೆ. ಕೊಡೆ ರಾಜ್ಯದ ಗುರುತಾದರೆ ಕೊಡೆಯನ್ನು ಬಿಡುವುದು ತ್ಯಾಗದ ಗುರುತು.

ಅರಮನೆಯಿಂದ ಊರದೇವರಿಗೆ

ಹಾರನಹಳ್ಳಿಯ ಸೀಮೆ ಒಂದು ಕಾಲಕ್ಕೆ ಚಂಗಾಳ್ವರ ಆಳ್ವಿಕೆಯಲ್ಲಿತ್ತು. ಕೊಡಗಿನ ಅಂಚಿನ ಈ ಪ್ರದೇಶವನ್ನು ಆಳಿದ ಅವರು ತಮಗಿಂತ ದೊಡ್ಡ ಅರಸರಿಗೆ ತಲೆಬಾಗುತ್ತಲೇ ಬಹುಕಾಲ ಉಳಿದರು. ಪಿರಿಯಾಪಟ್ಟಣ ಅವರ ಮುಖ್ಯ ನೆಲೆಗಳಲ್ಲಿ ಒಂದು. 17ನೆಯ ಶತಮಾನದಲ್ಲಿ ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು ಈ ಕೋಟೆಯನ್ನು ಗೆದ್ದರು. ಅಲ್ಲಿಂದ ಮುಂದೆ ಈ ನಾಡಿನ ಮೇಲಿನ ಕೊಡೆ ಮೈಸೂರಿನದಾಯಿತು.

ಮೈಸೂರಿನ ದಸರಾದಲ್ಲಿ ಅಂಬಾರಿ, ಚಾಮರ, ಛತ್ರಗಳು ಅರಸರ ಬಿರುದಿನ ಭಾಗವಾಗಿದ್ದವು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನವೂ ಅರಸರ ಪದವಿಗಳೂ ರದ್ದಾದವು. ಬಳಿಕ ಚಿನ್ನದ ಅಂಬಾರಿಯಲ್ಲಿ ಅರಸರ ಸ್ಥಾನಕ್ಕೆ ಚಾಮುಂಡೇಶ್ವರಿಯ ವಿಗ್ರಹ ಬಂದಿತು. ಅರಸನಿಗೆ ಸಲ್ಲುತ್ತಿದ್ದ ಮರ್ಯಾದೆ ದೇವಿಗೆ ಸಂದಿತು.

ಹಳ್ಳಿಗಳ ಮಟ್ಟಿಗೆ ಇದು ಹೊಸದೇನಲ್ಲ. ಊರದೇವರನ್ನು ಅರಸನಂತೆಯೇ ಸತ್ತಿಗೆ, ಸೂರಿಪಾನಿ, ಚಾಮರಗಳೊಡನೆ ಮೆರೆಸುವ ಪದ್ಧತಿ ಬಹಳ ಹಿಂದಿನದು. ಅರಸರ ಕೊಡೆಗಳು ವಸ್ತುಸಂಗ್ರಹಾಲಯ ಸೇರಿದ ಮೇಲೂ ಸತ್ತಿಗೆ ಕಟ್ಟುವ ವಿದ್ಯೆ ನಾಡಿನಿಂದ ಅಳಿಯಲಿಲ್ಲ. ಅದಕ್ಕೆ ಕಾರಣ ಅರಮನೆಯಲ್ಲ, ಊರಹಬ್ಬಗಳು.

ಕಟ್ಟುವ ಬಗೆ

ಒಂದು ಸತ್ತಿಗೆಯಲ್ಲಿ ಹಲವು ಕಸುಬುಗಳ ಕೈ ಸೇರುತ್ತದೆ. ಕೋಲು ಮತ್ತು ಗುಬುಟು ಬಡಗಿಯದು. ಬಿದಿರಿನ ಕಡ್ಡಿ ಮೇದರದು. ಬಟ್ಟೆ, ಜಾಲರು, ಕಸೂತಿ ದರ್ಜಿಯದು. ತುದಿಯ ಹಿತ್ತಾಳೆಯ ಕಳಸ ಕಂಚುಗಾರರದು.

ಕೋಲಿಗೆ ನೇರವಾದ ಎಳೆಯಿರುವ, ಗಂಟಿಲ್ಲದ ಮರ ಬೇಕು. ಎಳೆ ಓರೆಯಾಗಿದ್ದರೆ ಮರ ಒಣಗುವಾಗ ಕೋಲು ತಿರುಚಿಕೊಳ್ಳುತ್ತದೆ. ಹಾಗಾಗಿ ಹಸಿಮರವನ್ನು ಎಂದಿಗೂ ಬಳಸುವುದಿಲ್ಲ. ನೆರಳಿನಲ್ಲಿ ನಿಧಾನವಾಗಿ ಒಣಗಿಸಿದ್ದೇ ಬೇಕು. ತೇಗ ಇದಕ್ಕೆ ಹೇಳಿಸಿದ ಮರ. ಅದು ನೀರಿಗೂ ಗೆದ್ದಲಿಗೂ ಸುಲಭವಾಗಿ ಬಗ್ಗುವುದಿಲ್ಲ. ಇಂದಿನ ತೋಟದ ಕೊಡೆಗಳಿಗೂ ಜಗತ್ತಿನಾದ್ಯಂತ ತೇಗವನ್ನು ಮೆಚ್ಚುವುದು ಇದೇ ಕಾರಣಕ್ಕೆ.

ಕಡ್ಡಿಗೆ ಬಿದಿರಿಗಿಂತ ಮಿಗಿಲಾದುದಿಲ್ಲ. ಬಿದಿರಿನ ಬಲವೆಲ್ಲ ಅದರ ಹೊರಪದರದಲ್ಲಿದೆ. ಒತ್ತಾದ ನಾರುಗಳು ಅಲ್ಲಿ ಉದ್ದಕ್ಕೆ ಓಡುತ್ತವೆ. ಆದುದರಿಂದ ಸೀಳುವಾಗ ಸಿಪ್ಪೆಯ ಕಡೆಯನ್ನು ಉಳಿಸಿಕೊಂಡು ಒಳಗಿನ ಮೆದುಭಾಗವನ್ನು ಹೆರೆಯುತ್ತಾರೆ. ಒಂದೆರಡು ವರ್ಷದ ಎಳೆಯ ಬಿದಿರು ಕೆಲಸಕ್ಕೆ ಬಾರದು, ಬಲಿತಿರಬೇಕು. ಕಡಿಯುವುದಕ್ಕೂ ಕಾಲವಿದೆ. ಮಳೆಗಾಲದಲ್ಲಿ, ಹೊಸ ಕಳಲೆ ಏಳುವ ಸಮಯದಲ್ಲಿ, ಕಡಿದ ಬಿದಿರಿಗೆ ಬೇಗ ಹುಳು ಬೀಳುತ್ತದೆ. ಬಿದಿರಿನೊಳಗಿನ ಪಿಷ್ಟವೇ ಹುಳುವಿನ ಆಹಾರ. ಕಡಿದ ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕಿದರೆ ಪಿಷ್ಟ ಕರಗಿಹೋಗಿ ಬಾಳಿಕೆ ಹೆಚ್ಚುತ್ತದೆ. ಇದನ್ನು ನಮ್ಮ ಹಿರಿಯರು ರಸಾಯನಶಾಸ್ತ್ರ ಓದಿ ಕಲಿಯಲಿಲ್ಲ. ಹುಳು ತಿಂದ ಬಿದಿರನ್ನು ನೋಡಿ ಕಲಿತರು.

ಇನ್ನು ಜೋಡಣೆ. ಕಡ್ಡಿಗಳು ಹೊರಕ್ಕೆ ಚಾಚಲು ನೋಡುತ್ತವೆ, ಬಟ್ಟೆ ಅವುಗಳನ್ನು ಒಳಕ್ಕೆ ಎಳೆಯುತ್ತದೆ. ಈ ಎರಡು ಸೆಳೆತಗಳ ಸಮತೋಲದಿಂದಲೇ ಕೊಡೆ ಗುಮ್ಮಟದಂತೆ ನಿಲ್ಲುವುದು. ಒಂದು ಕಡ್ಡಿ ಉಳಿದವುಗಳಿಗಿಂತ ದಪ್ಪವಾದರೂ ಸಮತೋಲ ಕೆಟ್ಟು ಕೊಡೆ ಒಂದು ಕಡೆಗೆ ವಾಲುತ್ತದೆ. ಅದಕ್ಕಾಗಿ ಎಲ್ಲ ಕಡ್ಡಿಗಳನ್ನೂ ತೂಗಿದಂತೆ ಒಂದೇ ಸಮನಾಗಿ ಹೆರೆಯಬೇಕು. ಜಪಾನಿನ ಗಿಫು ಪಟ್ಟಣದ ಕುಶಲಕರ್ಮಿಗಳು ಇದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ಒಂದೇ ಬಿದಿರಿನ ಗಳುವಿನಿಂದ ಒಂದು ಕೊಡೆಯ ಕಡ್ಡಿಗಳನ್ನೆಲ್ಲ ಸೀಳಿ, ಸೀಳಿದ ಕ್ರಮದಲ್ಲಿಯೇ ಜೋಡಿಸುತ್ತಾರೆ. ಕೊಡೆ ಮಡಿಸಿದಾಗ ಅದು ಮತ್ತೆ ಬಿದಿರಿನ ಗಳುವಿನಂತೆಯೇ ಕಾಣುತ್ತದೆ.

ತೋಟದ ಮರದ ಕೊಡೆಯಲ್ಲಿ ಮೂರು ಸಂಗತಿಗಳು ಹೆಚ್ಚು. ಕಡ್ಡಿಗಳನ್ನು ಎತ್ತಿ ಇಳಿಸಲು ಕಂಬದ ಮೇಲೆ ಜಾರುವ ಮರದ ಬಳೆ ಮತ್ತು ಹಗ್ಗದ ರಾಟೆ. ಗಾಳಿ ಹೊರಹೋಗಲು ನೆತ್ತಿಯಲ್ಲಿ ಒಂದು ಕಿಂಡಿ. ಉರುಳದಂತೆ ಕಾಲಿನಲ್ಲಿ ಒಂದು ಭಾರವಾದ ಕಲ್ಲು. ಸತ್ತಿಗೆ ಹಿಡಿದವನ ತೋಳು, ಸೊಂಟ, ಪಾದಗಳು ಮಾಡುವ ಕೆಲಸವನ್ನೇ ಇಲ್ಲಿ ಕಲ್ಲು ಮಾಡುತ್ತದೆ.

ಕೈ ಬಿಡುವಿಲ್ಲದವರ ಕೊಡೆ

ಇದುವರೆಗೆ ಹೇಳಿದ್ದು ಇನ್ನೊಬ್ಬರು ಹಿಡಿಯುವ ಕೊಡೆಯ ಮಾತು. ಆದರೆ ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವ ಹೆಂಗಸಿಗೆ ಕೊಡೆ ಹಿಡಿಯಲು ಆಳಿಲ್ಲ. ತಾನೇ ಹಿಡಿಯೋಣವೆಂದರೆ ಎರಡು ಕೈಯೂ ಪೈರಿನ ಮೇಲಿದೆ. ಅವಳಿಗಾಗಿ ಹುಟ್ಟಿದ್ದು ಗೊರಬು. ಕೊಡಗಿನ ಕಡೆ ಇದನ್ನು ಗೊರಗ ಎಂದೂ ಕರೆಯುತ್ತಾರೆ. ಬಿದಿರಿನ ಹೆಣಿಗೆಯ ಎರಡು ಪದರಗಳ ನಡುವೆ ಅಗಲವಾದ ಎಲೆಗಳನ್ನು ಹಾಸಿ, ನೆತ್ತಿಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುವಂತೆ ದೋಣಿಯ ಆಕಾರದಲ್ಲಿ ಇದನ್ನು ಕಟ್ಟುತ್ತಾರೆ. ಇದಕ್ಕೆ ಕೋಲಿಲ್ಲ, ಹಿಡಿಯಿಲ್ಲ. ಬಗ್ಗಿದವರ ಬೆನ್ನಿನ ಮೇಲೆ ಅದು ತಾನೇ ಕೂರುತ್ತದೆ.

ಬಯಲುಸೀಮೆಯ ಕಡೆ ಈ ಕೆಲಸವನ್ನು ಕಂಬಳಿ ಕೊಪ್ಪೆ ಮಾಡಿತು. ಕುರಿಯ ಉಣ್ಣೆಯ ಕರಿಕಂಬಳಿಯ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ತಲೆಯ ಮೇಲೆ ಹಾಕಿಕೊಂಡರೆ ಮಳೆಯ ನೀರು ಜಾರಿಹೋಗುತ್ತದೆ. ತುಳುನಾಡು, ಕಾಸರಗೋಡುಗಳಲ್ಲಿ ಅಡಿಕೆಯ ಹಾಳೆಯ ಮುಟ್ಟಾಳೆಯೂ ಶ್ರೀತಾಳೆಯ ಗರಿಯ ಕೊಡೆಯೂ ಬಳಕೆಯಲ್ಲಿದ್ದವು.

ಶ್ರೀತಾಳೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಸಸ್ಯಶಾಸ್ತ್ರಜ್ಞ ಲಿನೇಯಸ್ ಈ ಮರಕ್ಕೆ 'ಕೊರಿಫಾ ಅಂಬ್ರಾಕುಲಿಫೆರಾ' ಎಂದು ಹೆಸರಿಟ್ಟ. ಎರಡನೆಯ ಪದದ ಅರ್ಥವೇ 'ಕೊಡೆ ಹೊತ್ತದ್ದು'. ನಮ್ಮ ಹಿಂದಿನವರು ಓಲೆಗರಿಯ ಗ್ರಂಥಗಳನ್ನು ಬರೆಯಲು ಇದೇ ಶ್ರೀತಾಳೆಯ ಗರಿಯನ್ನು ಬಳಸಿದರು. ಮಳೆಯಲ್ಲಿ ತಲೆ ಕಾಯ್ದ ಎಲೆಯೇ ಕಾವ್ಯವನ್ನೂ ಕಾಯಿತು. ಶ್ರೀತಾಳೆ ದಶಕಗಳ ಕಾಲ ಬೆಳೆದು ಬದುಕಿನಲ್ಲಿ ಒಂದೇ ಒಂದು ಬಾರಿ ಹೂಬಿಟ್ಟು ಸಾಯುತ್ತದೆ. ನಮ್ಮ ಕಾಡಿನ ಹೆಬ್ಬಿದಿರೂ ಹಾಗೆಯೇ. ಸುಮಾರು ನಲವತ್ತು, ಐವತ್ತು ವರ್ಷಕ್ಕೊಮ್ಮೆ ಮೆಳೆಗೆ ಮೆಳೆಯೇ ಹೂತು, ಬಿದಿರಕ್ಕಿ ಉದುರಿಸಿ, ಒಣಗಿಹೋಗುತ್ತದೆ. ಕೊಡೆಯ ಎಲೆಯೂ ಕಡ್ಡಿಯೂ ಒಂದೇ ಬಾರಿ ಹೂಬಿಡುವ ಗಿಡಗಳಿಂದ ಬಂದದ್ದು ವಿಶೇಷ.

ನೆರಳಿಗೂ ಅಪ್ಪಣೆ

ಗದ್ದೆಯಲ್ಲಿ ಗೊರಬು ಹೊದೆಯಲು ಯಾರ ಅಡ್ಡಿಯೂ ಇರಲಿಲ್ಲ. ಆದರೆ ನೆಟ್ಟಗೆ ನಿಂತು, ಕೋಲಿನ ಕೊಡೆ ಹಿಡಿದು ಬೀದಿಯಲ್ಲಿ ನಡೆಯುವುದು ಬೇರೆಯೇ ಮಾತು. ತಿರುವಾಂಕೂರು ಸಂಸ್ಥಾನದಲ್ಲಿ 19ನೆಯ ಶತಮಾನದ ಪ್ರಾರಂಭದಲ್ಲಿಯೂ ನಾಡಾರ್ ಜನರು ಕೊಡೆ ಹಿಡಿಯುವಂತಿರಲಿಲ್ಲ, ಪಾದರಕ್ಷೆ ತೊಡುವಂತಿರಲಿಲ್ಲ, ಚಿನ್ನದ ಒಡವೆ ಹಾಕುವಂತಿರಲಿಲ್ಲ. ಮೈಸೂರು ಸೀಮೆಯಲ್ಲಿಯೂ ಇಂಥ ಕಟ್ಟಲೆಗಳಿಗೆ ಕೊರತೆಯಿರಲಿಲ್ಲ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್‌ನಲ್ಲಿ ಬಲಗೈ, ಎಡಗೈ ಪಂಗಡಗಳ ಜಗಳದ ವಿವರವಿದೆ. ಮದುವೆಯ ಚಪ್ಪರಕ್ಕೆ ಹನ್ನೆರಡು ಕಂಬ ನೆಡುವುದು, ಮೆರವಣಿಗೆಯಲ್ಲಿ ಕುದುರೆ ಏರುವುದು ತಮಗೇ ಮೀಸಲೆಂದು ಒಂದು ಪಂಗಡ ವಾದಿಸುತ್ತಿತ್ತು. ಚಪ್ಪರವೂ ಒಂದು ನೆರಳೇ ಅಲ್ಲವೇ? ಅದರ ಕಂಬಗಳನ್ನು ಎಣಿಸಿ ಜಗಳವಾಡಿದ ಕಾಲವೊಂದಿತ್ತು.

ಈ ಕಟ್ಟನ್ನು ಸಡಿಲಿಸುವುದರಲ್ಲಿ ಒಂದು ಅಗ್ಗದ ವಸ್ತುವಿಗೂ ಪಾಲಿದೆ. ಇಂಗ್ಲೆಂಡಿನಲ್ಲಿ 18ನೆಯ ಶತಮಾನದಲ್ಲಿ ಗಂಡಸರು ಕೊಡೆ ಹಿಡಿಯುವುದೆಂದರೆ ನಗೆಪಾಟಲು. ಜೋನಾಸ್ ಹ್ಯಾನ್‌ವೇ ಎಂಬಾತ ಲಂಡನ್ನಿನ ಬೀದಿಯಲ್ಲಿ ಕೊಡೆ ಹಿಡಿದು ನಡೆದಾಗ, ಮಳೆಯಿಂದಲೇ ಬಾಡಿಗೆ ಗಿಟ್ಟಿಸುತ್ತಿದ್ದ ಗಾಡಿಯವರು ಅವನನ್ನು ಕೆಣಕುತ್ತಿದ್ದರಂತೆ. 1852ರಲ್ಲಿ ಸ್ಯಾಮ್ಯುಯೆಲ್ ಫಾಕ್ಸ್ ಎಂಬ ಉದ್ಯಮಿ ಉಕ್ಕಿನ ಹಗುರವಾದ ಕಡ್ಡಿಗಳ ಕೊಡೆಯನ್ನು ರೂಪಿಸಿದ. ಅಂಥ ಕಡ್ಡಿಯ ಕಪ್ಪು ಬಟ್ಟೆಯ ಕೊಡೆ ಕಾಲಕ್ರಮದಲ್ಲಿ ನಮ್ಮ ಸಂತೆಗಳಿಗೂ ಬಂದಿತು. ಶಾಲೆಯ ಮೇಷ್ಟ್ರು, ಶಾನುಭೋಗರು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಓಡಾಡಿದರು. ಆಮೇಲೆ ದುಡ್ಡು ಕೊಟ್ಟವರೆಲ್ಲ ಕೊಂಡರು. ಅಂಗಡಿಯವನು ಕುಲ ಕೇಳಲಿಲ್ಲ. ಕೊಡೆಯನ್ನು ತನ್ನ ಕೈಯಲ್ಲಿ ತಾನೇ ಹಿಡಿಯುವುದು ಎಲ್ಲರಿಗೂ ಸಾಧ್ಯವಾಯಿತು.

ಆದರೆ ಇದಕ್ಕೆ ಬೆಲೆ ತೆತ್ತವರು ಕೊಡೆ ಕಟ್ಟುತ್ತಿದ್ದವರು. ಕಾರ್ಖಾನೆಯ ಕೊಡೆ ಬಂದಂತೆ ಗರಿಯ ಕೊಡೆ ಹಿಂದೆ ಸರಿಯಿತು. ಪ್ಲಾಸ್ಟಿಕ್ ಹಾಳೆ ಬಂದಂತೆ ಗೊರಬು ಅಟ್ಟ ಸೇರಿತು. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಹೊಲಗಳಲ್ಲಿ ಇಂದು ಮಳೆ ಬಂದರೆ ತಲೆಗೇರುವುದು ಪ್ಲಾಸ್ಟಿಕ್ ಹಾಳೆ, ಇಲ್ಲವೇ ಗೊಬ್ಬರದ ಚೀಲದ ಕೊಪ್ಪೆ.

ಬಿದಿರಿನ ದಾರಿಯೂ ಬದಲಾಯಿತು. ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಕಾಡಿನಲ್ಲಿ ಬೆಟ್ಟಕುರುಬರು ತಲೆತಲಾಂತರದಿಂದ ಬಿದಿರಿನ ಕೆಲಸದಲ್ಲಿ ನಿಪುಣರು. 1955ರಲ್ಲಿ ನಾಗರಹೊಳೆ ಅಭಯಾರಣ್ಯವಾಯಿತು; ಮುಂದೆ ಅದು ರಾಷ್ಟ್ರೀಯ ಉದ್ಯಾನವೂ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಕಾಡು, ಕಾಡಿನ ಪ್ರಾಣಿಗಳು ಉಳಿಯಬೇಕಾದದ್ದು ನಿಜ. ಆದರೆ ಕಾಡಿನವರ ಕತ್ತಿಗೂ ಬಿದಿರಿಗೂ ಇದ್ದ ನಂಟು ಇದರಿಂದ ಕಡಿದುಹೋದದ್ದೂ ನಿಜ. 1927ರ ಭಾರತೀಯ ಅರಣ್ಯ ಕಾಯಿದೆ ಬಿದಿರನ್ನು ಮರವೆಂದು ಎಣಿಸಿತ್ತು. ಸಸ್ಯಶಾಸ್ತ್ರದ ಪ್ರಕಾರ ಅದು ಹುಲ್ಲು. 2006ರ ಅರಣ್ಯ ಹಕ್ಕು ಕಾಯಿದೆ ಬಿದಿರನ್ನು ಕಿರು ಅರಣ್ಯ ಉತ್ಪನ್ನಗಳಲ್ಲಿ ಸೇರಿಸಿ, ಅದರ ಮೇಲೆ ಕಾಡಿನ ನಿವಾಸಿಗಳಿಗೆ ಹಕ್ಕನ್ನು ಮಾನ್ಯಮಾಡಿತು. 2017ರಲ್ಲಿ ಕೇಂದ್ರದ ಅರಣ್ಯ ಕಾಯಿದೆಗೇ ತಿದ್ದುಪಡಿಯಾಗಿ ಬಿದಿರು ಮರಗಳ ಪಟ್ಟಿಯಿಂದ ಹೊರಬಂದಿತು. ಬಿದಿರನ್ನು ಹುಲ್ಲೆಂದು ಒಪ್ಪಲು ಕಾನೂನಿಗೆ ತೊಂಬತ್ತು ವರ್ಷ ಹಿಡಿಯಿತು.

ನೀವು ಮಾಡಬಹುದಾದ ಕೆಲಸ

ಕೈಯಿಂದ ಮಾಡಿದ ಮರದ ಕೊಡೆಗಳಿಗೆ ಇಂದು ಮತ್ತೆ ಬೇಡಿಕೆ ಬರುತ್ತಿರುವುದು ಸಂತೋಷದ ವಿಷಯ. ಬಣ್ಣ ಮಾಸಿದರೆ ಬಟ್ಟೆ ಬದಲಾಯಿಸಬಹುದು, ಮುರಿದರೆ ಒಂದೇ ಕಡ್ಡಿಯನ್ನು ತೆಗೆದು ಹಾಕಬಹುದು ಎಂಬುದೇ ಅವುಗಳ ಆಕರ್ಷಣೆ. ಸತ್ತಿಗೆ ಕಟ್ಟಬಲ್ಲ ಕೈಗೆ ತೋಟದ ಕೊಡೆ ಕಟ್ಟುವುದು ಕಷ್ಟವಲ್ಲ. ಬೇಕಾದ ವಿದ್ಯೆ ನಮ್ಮ ಹಳ್ಳಿಗಳಲ್ಲಿ ಇದೆ. ಅದನ್ನು ಕೇಳಿ ಬರುವವರು ಕಡಿಮೆ.

ವಿದ್ಯಾರ್ಥಿ ಮಿತ್ರರೇ, ಚರಿತ್ರೆಯೆಂದರೆ ಅರಸರ ಇಸವಿಗಳನ್ನು ಕಂಠಪಾಠ ಮಾಡುವುದಷ್ಟೇ ಅಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಗೊರಬು ಇದೆಯೇ ನೋಡಿ. ಅದನ್ನು ಯಾರು ಹೆಣೆದರು, ಯಾವ ಎಲೆ ಹಾಕಿದರು, ಎಷ್ಟು ಮಳೆಗಾಲ ಬಾಳಿತು ಎಂದು ಅಜ್ಜಿಯನ್ನು ಕೇಳಿ ಬರೆದುಕೊಳ್ಳಿ. ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಜಾತ್ರೆಗೋ ನಿಮ್ಮ ಊರಿನ ಹಬ್ಬಕ್ಕೋ ಹೋದಾಗ ಸತ್ತಿಗೆಯ ಕೆಳಗಿನ ದೇವರಿಗೆ ಕೈಮುಗಿದ ಮೇಲೆ, ಸತ್ತಿಗೆ ಹಿಡಿದವರ ಹೆಸರನ್ನೂ ಅದನ್ನು ಕಟ್ಟಿದವರ ಹೆಸರನ್ನೂ ಒಮ್ಮೆ ಕೇಳಿ. ಕನಗನಹಳ್ಳಿಯ ಕಲ್ಲಿನ ಮೇಲೆ ಆ ಹೆಸರಿಗೆ ಜಾಗ ಸಿಗಲಿಲ್ಲ. ನಿಮ್ಮ ನೋಟ್‌ಪುಸ್ತಕದಲ್ಲಿ ಸಿಗಲಿ.